ಹಳ್ಳಿಗೆ ಬಂದ ಮಣ್ಣು ಪರೀಕ್ಷೆ: ಉಪಕರಣದ ಆರೈಕೆ ಮತ್ತು ಸುರಕ್ಷತೆಯೇ ವರದಿಯ ಜೀವಾಳ



ಮಣ್ಣು ಆರೋಗ್ಯ ಚೀಟಿ ಯೋಜನೆಗೆ 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಚಾಲನೆ ದೊರೆಯಿತು. ಅಂದಿನಿಂದ ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಮತ್ತು ಬೋರಾನ್ ಎಂಬ 12 ಅಂಶಗಳ ವಿವರವುಳ್ಳ ಚೀಟಿ ನಿಮ್ಮಲ್ಲಿ ಬಹುತೇಕರ ಮನೆ ತಲುಪಿದೆ. ಆ ಚೀಟಿಯಲ್ಲಿರುವ ಪ್ರತಿಯೊಂದು ಅಂಕಿಯ ಹಿಂದೆಯೂ ಒಂದು ಉಪಕರಣವಿದೆ, ಒಂದು ರಾಸಾಯನಿಕವಿದೆ, ಅವೆರಡನ್ನೂ ನಿರ್ವಹಿಸುವ ಒಬ್ಬ ವ್ಯಕ್ತಿಯಿದ್ದಾನೆ. ಈ ಮೂರರಲ್ಲಿ ಯಾವುದೊಂದು ಕೆಟ್ಟರೂ ಅಂಕಿ ಕೆಡುತ್ತದೆ. ಅಂಕಿ ಕೆಟ್ಟರೆ ಗೊಬ್ಬರದ ಲೆಕ್ಕ ಕೆಡುತ್ತದೆ. ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಈ ವಿಷಯವನ್ನು ಇಂದು ಚರ್ಚಿಸುವುದು ಅಗತ್ಯವೆನಿಸಿದೆ.

ಬದಲಾಗುತ್ತಿರುವ ವ್ಯವಸ್ಥೆ

ಇದುವರೆಗೆ ಮಣ್ಣು ಪರೀಕ್ಷೆ ಎಂದರೆ ಜಿಲ್ಲಾ ಕೇಂದ್ರದ ಪ್ರಯೋಗಾಲಯ, ಕೃಷಿ ವಿಜ್ಞಾನ ಕೇಂದ್ರ ಅಥವಾ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಎಂಬ ಭಾವನೆಯಿತ್ತು. ಈಗ ಚಿತ್ರ ಬದಲಾಗುತ್ತಿದೆ. ಗ್ರಾಮ ಮಟ್ಟದ ಮಣ್ಣು ಪರೀಕ್ಷಾ ಪ್ರಯೋಗಾಲಯಗಳಿಗೆ ಸಂಬಂಧಿಸಿದ ಮಾರ್ಗಸೂಚಿಗಳನ್ನು ಕೇಂದ್ರ ಸರ್ಕಾರವು 2023ರ ಜೂನ್‌ನಲ್ಲಿ ಹೊರಡಿಸಿದೆ. ಗ್ರಾಮೀಣ ಯುವಕರು, ಸ್ವಸಹಾಯ ಗುಂಪುಗಳು ಮತ್ತು ಶಾಲೆಗಳು ಇಂತಹ ಪ್ರಯೋಗಾಲಯಗಳನ್ನು ನಡೆಸಲು ಅವಕಾಶವಿದೆ. ಶಾಲಾ ಮಣ್ಣು ಆರೋಗ್ಯ ಕಾರ್ಯಕ್ರಮದಡಿ ವಿದ್ಯಾರ್ಥಿಗಳೇ ಮಾದರಿ ಸಂಗ್ರಹಿಸಿ ಪರೀಕ್ಷಿಸುವ ಕೆಲಸವೂ ಆರಂಭವಾಗಿದೆ. ಭೋಪಾಲದ ಭಾರತೀಯ ಮಣ್ಣು ವಿಜ್ಞಾನ ಸಂಸ್ಥೆಯ 'ಮೃದಾಪರೀಕ್ಷಕ', ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ 'ಪೂಸಾ' ಮೀಟರ್ ಮುಂತಾದ ಕಿರು ಸಾಧನಗಳು ಈ ವಿಸ್ತರಣೆಗೆ ನೆರವಾಗಿವೆ.

ಪ್ರಯೋಗಾಲಯ ಹೊಲದ ಹತ್ತಿರ ಬರುವುದು ಸ್ವಾಗತಾರ್ಹ. ಮಾದರಿ ಕೊಟ್ಟು ತಿಂಗಳುಗಟ್ಟಲೆ ಕಾಯುವ ಸ್ಥಿತಿ ಇದರಿಂದ ತಪ್ಪಬಹುದು. ಆದರೆ ಸಾಧನವನ್ನು ಖರೀದಿಸಿದ ದಿನವೇ ಪ್ರಯೋಗಾಲಯ ಸಿದ್ಧವಾಯಿತೆಂದು ಭಾವಿಸುವುದು ಸರಿಯಲ್ಲ. ಟ್ರ್ಯಾಕ್ಟರ್ ಕೊಂಡವರು ಆಯಿಲ್ ಬದಲಾಯಿಸದೆ ಎಷ್ಟು ದಿನ ಓಡಿಸಬಲ್ಲರು? ಕೆಟ್ಟ ಟ್ರ್ಯಾಕ್ಟರ್ ನಿಂತುಬಿಡುತ್ತದೆ, ಆದ್ದರಿಂದ ದೋಷ ಕೂಡಲೇ ತಿಳಿಯುತ್ತದೆ. ಕೆಟ್ಟ ಪಿಎಚ್ ಮೀಟರ್ ನಿಲ್ಲುವುದಿಲ್ಲ. ಅದು ಏನಾದರೊಂದು ಅಂಕಿಯನ್ನು ತೋರಿಸುತ್ತಲೇ ಇರುತ್ತದೆ, ಆ ಅಂಕಿ ಮುದ್ರಿತ ಚೀಟಿಯಾಗಿ ರೈತರ ಕೈ ಸೇರುತ್ತದೆ. ಅಪಾಯವಿರುವುದು ಇಲ್ಲಿಯೇ.

ಮೂರು ತಾಲ್ಲೂಕುಗಳಲ್ಲಿ ಇದು ಏಕೆ ಮುಖ್ಯ?

ಕಡೂರು ಬಯಲುಸೀಮೆಯ ಗುಣವುಳ್ಳ ತಾಲ್ಲೂಕು. ಕೆಂಪು ಮಣ್ಣು, ತೆಂಗು, ರಾಗಿ ಹಾಗೂ ಕೊಳವೆಬಾವಿಯ ಮೇಲಿನ ಅವಲಂಬನೆ ಇಲ್ಲಿ ಹೆಚ್ಚು. ಹಿಂದೆ ತರೀಕೆರೆಯ ಭಾಗವಾಗಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದಲ್ಲಿ ಕೆಂಪು ಮಣ್ಣಿನೊಂದಿಗೆ ಎರೆಮಣ್ಣಿನ ಹೊಲಗಳೂ ಇವೆ. ತರೀಕೆರೆಯ ಪಶ್ಚಿಮಕ್ಕೆ, ಲಕ್ಕವಳ್ಳಿಯ ಕಡೆ ಸಾಗಿದಂತೆ ಮಳೆ ಹೆಚ್ಚಿ ಮಲೆನಾಡಿನ ಹುಳಿಮಣ್ಣಿನ ಲಕ್ಷಣ ಕಾಣಿಸಿಕೊಳ್ಳುತ್ತದೆ. ಅಡಿಕೆ ತೋಟಗಳು ಮೂರೂ ತಾಲ್ಲೂಕುಗಳಲ್ಲಿವೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗದ ಮೂಲಕ ಹಾದುಹೋಗುವುದರಿಂದ, ಒಣಭೂಮಿ ನೀರಾವರಿಗೆ ಬದಲಾಗುವ ಕಡೆಗಳಲ್ಲಿ ರಸಸಾರ ಮತ್ತು ಲವಣಾಂಶದ ಮೇಲೆ ನಿಗಾ ಇಡುವ ಅಗತ್ಯವೂ ಹೆಚ್ಚಲಿದೆ.

ಹೀಗೆ ಕೆಲವೇ ಹತ್ತಾರು ಕಿಲೋಮೀಟರ್ ಅಂತರದಲ್ಲಿ ಮಣ್ಣಿನ ಗುಣ ಬದಲಾಗುವ ಪ್ರದೇಶದಲ್ಲಿ ಅಂದಾಜಿನ ಶಿಫಾರಸು ನಡೆಯುವುದಿಲ್ಲ. ಪರೀಕ್ಷೆಯೇ ಆಧಾರ. ಆ ಆಧಾರ ಗಟ್ಟಿಯಾಗಿರಬೇಕು.

ಉಪಕರಣ ತಪ್ಪಿದರೆ ಗೊಬ್ಬರ ತಪ್ಪುತ್ತದೆ

ಮೊದಲಿಗೆ ಪಿಎಚ್ ಮೀಟರನ್ನು ಗಮನಿಸೋಣ. ಇದರ ಜೀವ ಇರುವುದು ಗಾಜಿನ ಎಲೆಕ್ಟ್ರೋಡ್‌ನ ತೆಳುವಾದ ಗುಂಡಿನಲ್ಲಿ. ಕೆಲಸ ಮುಗಿದ ಮೇಲೆ ಅದನ್ನು ಒಣಗಲು ಬಿಡುವುದು, ಬಟ್ಟಿ ಇಳಿಸಿದ ನೀರಿನಲ್ಲಿ ದಿನಗಟ್ಟಲೆ ಇಡುವುದು, ಒರಟು ಬಟ್ಟೆಯಿಂದ ಉಜ್ಜುವುದು ಮೂರೂ ತಪ್ಪು. 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅದನ್ನು ಇಡತಕ್ಕದ್ದು. ಪ್ರತಿದಿನ ಕೆಲಸ ಆರಂಭಿಸುವ ಮುನ್ನ ಕನಿಷ್ಠ ಎರಡು ಬಫರ್ ದ್ರಾವಣಗಳಿಂದ ಮೀಟರನ್ನು ಸರಿಹೊಂದಿಸಬೇಕು. ಒಮ್ಮೆ ಲೋಟಕ್ಕೆ ಸುರಿದ ಬಫರನ್ನು ಮರಳಿ ಬಾಟಲಿಗೆ ಹಾಕಬಾರದು.

ಪಿಎಚ್ ಮೀಟರಿನ ದೋಷ ರಸಸಾರದ ಅಂಕಿಗೆ ಮಾತ್ರ ಸೀಮಿತವಲ್ಲ. ಹುಳಿಮಣ್ಣಿನಲ್ಲಿ ಲಭ್ಯ ರಂಜಕವನ್ನು ಬ್ರೇ ವಿಧಾನದಿಂದಲೂ, ತಟಸ್ಥ ಹಾಗೂ ಕ್ಷಾರ ಮಣ್ಣಿನಲ್ಲಿ ಓಲ್ಸೆನ್ ವಿಧಾನದಿಂದಲೂ ಅಳೆಯುತ್ತೇವೆ. ಯಾವ ವಿಧಾನ ಎಂಬುದನ್ನು ನಿರ್ಧರಿಸುವುದು ರಸಸಾರ. ಸುಣ್ಣವಿರುವ ಎರೆಮಣ್ಣಿಗೆ ತಪ್ಪಾಗಿ ಬ್ರೇ ದ್ರಾವಣ ಬಳಸಿದರೆ ಅದರ ಆಮ್ಲವನ್ನು ಸುಣ್ಣವೇ ನುಂಗಿಬಿಡುತ್ತದೆ, ಮಣ್ಣಿನಲ್ಲಿ ರಂಜಕವಿದ್ದರೂ ವರದಿಯಲ್ಲಿ 'ಕಡಿಮೆ' ಎಂದು ಬರುತ್ತದೆ. ಹುಳಿಮಣ್ಣೂ ಎರೆಮಣ್ಣೂ ಒಂದೇ ಪ್ರಯೋಗಾಲಯಕ್ಕೆ ಬರುವ ತರೀಕೆರೆ ಮತ್ತು ಅಜ್ಜಂಪುರದಂತಹ ಕಡೆ ಈ ಎಚ್ಚರ ಅತ್ಯಗತ್ಯ.

ಎರಡನೆಯದು ಸಾವಯವ ಇಂಗಾಲ. 1 ಗ್ರಾಂ ಮಣ್ಣಿಗೆ 10 ಮಿ.ಲೀ. ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು 20 ಮಿ.ಲೀ. ಸಾಂದ್ರ ಗಂಧಕಾಮ್ಲ ಸೇರಿಸಿ, ಉಳಿದ ಡೈಕ್ರೋಮೇಟನ್ನು ಫೆರಸ್ ಅಮೋನಿಯಂ ಸಲ್ಫೇಟ್ ದ್ರಾವಣದಿಂದ ಅಳೆಯುವುದು ವಾಕ್ಲಿ-ಬ್ಲ್ಯಾಕ್ ವಿಧಾನ. ಈ ಫೆರಸ್ ದ್ರಾವಣವು ಗಾಳಿಯ ಸಂಪರ್ಕದಿಂದ ದಿನೇ ದಿನೇ ದುರ್ಬಲವಾಗುತ್ತದೆ. ಆದ್ದರಿಂದಲೇ ಮಣ್ಣಿಲ್ಲದ ಖಾಲಿ ಮಾದರಿಯೊಂದನ್ನು ಪ್ರತಿದಿನ ನಡೆಸಬೇಕೆಂಬ ನಿಯಮವಿದೆ. ಇದನ್ನು ಬಿಟ್ಟರೆ ಏನಾಗುತ್ತದೆ? ನಿಜವಾಗಿ ಶೇ. 0.60 ಇಂಗಾಲವಿರುವ ಮಣ್ಣಿನಲ್ಲಿ, ದ್ರಾವಣವು ಕೇವಲ ಶೇ. 5ರಷ್ಟು ದುರ್ಬಲವಾಗಿದ್ದು, ಖಾಲಿ ಮಾದರಿಗೆ ಹಳೆಯ 20 ಮಿ.ಲೀ. ಅಂಕಿಯನ್ನೇ ಹಿಡಿದು ಲೆಕ್ಕ ಹಾಕಿದರೆ ಫಲಿತಾಂಶ ಶೇ. 0.47 ಎಂದು ಬರುತ್ತದೆ. ಶೇ. 0.50ಕ್ಕಿಂತ ಕೆಳಗಿನದು 'ಕಡಿಮೆ', 0.50ರಿಂದ 0.75ರವರೆಗಿನದು 'ಮಧ್ಯಮ'. ಹಳೆಯದಾದ ಒಂದು ಬಾಟಲಿ ದ್ರಾವಣವು ಮಧ್ಯಮ ಫಲವತ್ತತೆಯ ಹೊಲವನ್ನು ಬಡ ಹೊಲವಾಗಿಸಿತು.

ಮೂರನೆಯದು ಪೊಟ್ಯಾಷ್ ಅಳೆಯುವ ಫ್ಲೇಮ್ ಫೋಟೋಮೀಟರ್. ದ್ರಾವಣವನ್ನು ಮಂಜಿನಂತೆ ಸಿಂಪಡಿಸಿ ಜ್ವಾಲೆಗೆ ಕಳುಹಿಸುವ ಸೂಕ್ಷ್ಮ ನಳಿಕೆಯಲ್ಲಿ ಮಣ್ಣಿನ ಕಣ ಸಿಕ್ಕಿಕೊಂಡರೆ ಅಂಕಿ ಇಳಿಯುತ್ತದೆ. ಪ್ರತಿ ಹತ್ತಿಪ್ಪತ್ತು ಮಾದರಿಗಳಿಗೊಮ್ಮೆ ಪ್ರಮಾಣಿತ ದ್ರಾವಣ ಹಾಯಿಸಿ ನೋಡದಿದ್ದರೆ ಇದು ತಿಳಿಯುವುದೇ ಇಲ್ಲ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ ಮತ್ತು 140 ಗ್ರಾಂ ಪೊಟ್ಯಾಷ್ ಶಿಫಾರಸಾಗಿದೆ. ಮಣ್ಣಿನ ಮಟ್ಟ 'ಕಡಿಮೆ' ಎಂದಾಗ ಶೇ. 25ರಷ್ಟು ಹೆಚ್ಚಿಸುವ ಕ್ರಮವನ್ನು ಅನುಸರಿಸಿದರೆ ಮರಕ್ಕೆ 35 ಗ್ರಾಂ, ಅಂದರೆ ಸುಮಾರು 58 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಹೆಚ್ಚಾಗುತ್ತದೆ. ಎಕರೆಗೆ 550 ಮರಗಳಿದ್ದರೆ 32 ಕೆ.ಜಿ. ಮುಚ್ಚಿಹೋದ ನಳಿಕೆಯ ಬೆಲೆಯನ್ನು ಪ್ರತಿ ವರ್ಷ ತೋಟದ ಮಾಲೀಕರೇ ತೆರಬೇಕಾಗುತ್ತದೆ.

ನಾಲ್ಕನೆಯದು ಬೋರಾನ್. ತೆಂಗಿನ ಬೆಳೆಗಾರರಿಗೆ ಇದು ಅತಿ ಮುಖ್ಯ ಲಘು ಪೋಷಕಾಂಶ. ಮಣ್ಣಿನಲ್ಲಿ ಇದರ ಕನಿಷ್ಠ ಮಟ್ಟವೆಂದು ಪರಿಗಣಿಸುವುದು 0.5 ಪಿಪಿಎಂ. ಪರೀಕ್ಷೆಗೆ ತೆಗೆದುಕೊಳ್ಳುವ 20 ಗ್ರಾಂ ಮಣ್ಣಿನಲ್ಲಿ ಇದು ಕೇವಲ 10 ಮೈಕ್ರೋಗ್ರಾಂ. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಬಳಸುವ ಶಾಖ ನಿರೋಧಕ ಗಾಜು ಬೋರೋಸಿಲಿಕೇಟ್, ಅಂದರೆ ಆ ಗಾಜಿನಲ್ಲಿಯೇ ಬೋರಾನ್ ಇದೆ. ಅಂತಹ ಪಾತ್ರೆಯಲ್ಲಿ ಮಣ್ಣನ್ನು ನೀರಿನೊಡನೆ ಕುದಿಸಿದರೆ ಗಾಜಿನಿಂದ ಬಿಡುಗಡೆಯಾದ ಬೋರಾನ್ ಮಣ್ಣಿನ ಲೆಕ್ಕಕ್ಕೆ ಸೇರಿ ಕೊರತೆ ಮರೆಯಾಗುತ್ತದೆ. ಬೋರಾನ್ ಪರೀಕ್ಷೆಗೆ ಬೋರಾನ್ ರಹಿತ ಗಾಜು ಅಥವಾ ಸೂಕ್ತ ಪ್ಲಾಸ್ಟಿಕ್ ಪಾತ್ರೆಗಳನ್ನು ಪ್ರತ್ಯೇಕವಾಗಿ ಇಡಬೇಕೆಂಬುದು ಇದೇ ಕಾರಣಕ್ಕೆ.

ಕೆಲಸ ಮಾಡುವವರ ಸುರಕ್ಷತೆ

ಉಪಕರಣದ ಆರೈಕೆ ಮತ್ತು ಮನುಷ್ಯನ ಸುರಕ್ಷತೆ ಬೇರೆ ಬೇರೆ ವಿಷಯಗಳಲ್ಲ. ಲೇಬಲ್ ಇಲ್ಲದ ಬಾಟಲಿಯು ವರದಿಯನ್ನೂ ಕೆಡಿಸುತ್ತದೆ, ಕಣ್ಣನ್ನೂ ಕೆಡಿಸುತ್ತದೆ. ಮೇಲೆ ಹೇಳಿದ ವಿಧಾನದಲ್ಲಿ 1000 ಮಾದರಿಗಳ ಸಾವಯವ ಇಂಗಾಲ ಪರೀಕ್ಷಿಸಲು 20 ಲೀಟರ್ ಸಾಂದ್ರ ಗಂಧಕಾಮ್ಲ ಬೇಕು. ಇಷ್ಟು ಆಮ್ಲವನ್ನು ಹಳ್ಳಿಯ ಯುವಕನೋ ಸ್ವಸಹಾಯ ಗುಂಪಿನ ಸದಸ್ಯೆಯೋ ಕೈಯಾರೆ ಅಳೆದು ಸುರಿಯಬೇಕಾದರೆ ಅವರಿಗೆ ಕನ್ನಡಕ, ಕೈಗವಸು, ಹತ್ತಿಯ ಮೇಲಂಗಿ ಮತ್ತು ತರಬೇತಿ ಇವೆಲ್ಲವೂ ಕಡ್ಡಾಯ. ಶಾಲೆಗಳಲ್ಲಿ ಮಕ್ಕಳ ಕೈಗೆ ಈ ಆಮ್ಲವನ್ನು ಕೊಡಲೇಬಾರದು. ಆ ಪರೀಕ್ಷೆಯನ್ನು ಶಿಕ್ಷಕರೇ ಮಾಡಿ ತೋರಿಸುವುದು ಅಥವಾ ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸುವುದು ಸೂಕ್ತ.

ಆಮ್ಲವನ್ನು ನೀರಿಗೆ ನಿಧಾನವಾಗಿ ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನು ಸುರಿಯಬಾರದು. ಸುರಿದರೆ ಉಂಟಾಗುವ ಶಾಖದಿಂದ ಆಮ್ಲ ಮುಖಕ್ಕೆ ಚಿಮ್ಮುತ್ತದೆ. ಪಿಪೆಟ್ಟನ್ನು ಬಾಯಿಯಿಂದ ಎಳೆಯುವ ಹಳೆಯ ಅಭ್ಯಾಸವನ್ನು ಸಂಪೂರ್ಣ ನಿಲ್ಲಿಸತಕ್ಕದ್ದು. ಕಣ್ಣಿಗೆ ಆಮ್ಲ ಬಿದ್ದರೆ ತಕ್ಷಣ ಹರಿಯುವ ಶುದ್ಧ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು. ನಲ್ಲಿಯಲ್ಲಿ ನೀರು ಬಾರದ ಕೋಣೆ ಎಷ್ಟೇ ಚೆನ್ನಾಗಿದ್ದರೂ ಪ್ರಯೋಗಾಲಯಕ್ಕೆ ಯೋಗ್ಯವಲ್ಲ. ಬೇಸಿಗೆಯಲ್ಲಿ ನೀರಿನ ಅಭಾವ ಕಾಡುವ ಕಡೂರಿನ ಹಳ್ಳಿಗಳಲ್ಲಿ ಮಾದರಿಗಳು ಹೆಚ್ಚು ಬರುವುದೂ ಬೇಸಿಗೆಯಲ್ಲಿಯೇ ಎಂಬುದನ್ನು ಮರೆಯಬಾರದು.

ಎಲೆ ಪರೀಕ್ಷೆ ನಡೆಸುವ ಪ್ರಯೋಗಾಲಯಗಳಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಅಡಿಕೆ, ತೆಂಗಿನ ಎಲೆಯನ್ನು ಜೀರ್ಣಿಸಲು ನೈಟ್ರಿಕ್ ಮತ್ತು ಪರ್ಕ್ಲೋರಿಕ್ ಆಮ್ಲಗಳ ಮಿಶ್ರಣ ಬಳಸಲಾಗುತ್ತದೆ. ಎಲೆಪುಡಿಗೆ ಮೊದಲು ನೈಟ್ರಿಕ್ ಆಮ್ಲ ಹಾಕಿ ನೆನೆಸದೆ ಬಿಸಿ ಪರ್ಕ್ಲೋರಿಕ್ ಆಮ್ಲ ತಾಗಿಸಿದರೆ, ಅಥವಾ ಪಾತ್ರೆ ಪೂರ್ತಿ ಒಣಗಲು ಬಿಟ್ಟರೆ ಸ್ಫೋಟ ಸಂಭವಿಸಬಹುದು. ಫ್ಯೂಮ್ ಹುಡ್ ಇಲ್ಲದ ಕಡೆ ಈ ಕೆಲಸ ಕೈಗೊಳ್ಳಬಾರದು.

ಅನಿಲ ಸಿಲಿಂಡರುಗಳ ಅಪಾಯ ಎಂತಹುದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ನಡೆದ ಸಿಲಿಂಡರ್ ಸ್ಫೋಟದಲ್ಲಿ ಒಬ್ಬ ಸಂಶೋಧಕರು ಮೃತಪಟ್ಟರು, ಮೂವರು ಗಾಯಗೊಂಡರು. ದೇಶದ ಅಗ್ರಗಣ್ಯ ಸಂಸ್ಥೆಯಲ್ಲಿ ನಡೆಯಬಹುದಾದದ್ದು ಬೇರೆಡೆ ನಡೆಯದು ಎನ್ನಲಾಗದು. ಸತು, ಕಬ್ಬಿಣ ಮುಂತಾದವನ್ನು ಅಳೆಯುವ ಅಟಾಮಿಕ್ ಅಬ್ಸಾರ್ಪ್ಶನ್ ಉಪಕರಣಕ್ಕೆ ಅಸಿಟಿಲೀನ್, ಫ್ಲೇಮ್ ಫೋಟೋಮೀಟರಿಗೆ ಅಡುಗೆ ಅನಿಲ ಬೇಕು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಸರಪಳಿಯಿಂದ ಗೋಡೆಗೆ ಬಿಗಿಯಬೇಕು. ಕೊಳವೆಯ ಜೋಡಣೆಗಳನ್ನು ಸಾಬೂನು ನೊರೆಯಿಂದ ಆಗಾಗ ಪರಿಶೀಲಿಸಬೇಕು. ಅಸಿಟಿಲೀನ್‌ಗೆ ತಾಮ್ರದ ಕೊಳವೆ ಎಂದಿಗೂ ಸಲ್ಲದು.

ಇನ್ನು ಪ್ರಯೋಗಾಲಯದ ವಸ್ತುವೊಂದು ನಿಮ್ಮ ಊರಿಗೆ ಬಹಳ ಹಿಂದೆಯೇ ಬಂದಿದೆ. ಕೃತಕ ಗರ್ಭಧಾರಣೆಗೆ ವೀರ್ಯ ಕಡ್ಡಿಗಳನ್ನು ಕಾಪಿಡುವ ದ್ರವ ಸಾರಜನಕದ ಜಾಡಿ ಅದು. ಅಮೃತ್ ಮಹಲ್ ತಳಿಯ ಸಂವರ್ಧನಾ ಕೇಂದ್ರವಿರುವ ಅಜ್ಜಂಪುರದ ಸುತ್ತಲಿನ ರಾಸು ಸಾಕಣೆದಾರರಿಗೆ ಇದು ಪರಿಚಿತ. ದ್ರವ ಸಾರಜನಕದ ಉಷ್ಣತೆ ಮೈನಸ್ 196 ಡಿಗ್ರಿ ಸೆಲ್ಸಿಯಸ್. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಅಥವಾ ಕಿಟಕಿ ಏರಿಸಿದ ಕಾರಿನಲ್ಲಿ ಈ ಜಾಡಿ ಸೋರಿದರೆ ಬಣ್ಣ ವಾಸನೆಗಳಿಲ್ಲದ ಅನಿಲ ಆಮ್ಲಜನಕವನ್ನು ದೂಡಿ ಉಸಿರುಗಟ್ಟಿಸುತ್ತದೆ. ಜಾಡಿಯ ಬಾಯನ್ನು ಬಿಗಿಯಾಗಿ ಮುಚ್ಚಿದರೆ ಒತ್ತಡ ಹೆಚ್ಚಿ ಸಿಡಿಯಬಹುದು. ದ್ರವದ ಮಟ್ಟವನ್ನು ಅಳತೆಗೋಲಿನಿಂದ ನಿಯಮಿತವಾಗಿ ನೋಡದಿದ್ದರೆ ಒಳಗಿನ ಕಡ್ಡಿಗಳು ನಿರ್ಜೀವವಾಗಿ ಹಸು ಗಬ್ಬ ನಿಲ್ಲುವುದಿಲ್ಲ. ಇಲ್ಲಿಯೂ ಸುರಕ್ಷತೆ ಮತ್ತು ಫಲಿತಾಂಶ ಒಂದೇ ಜಾಡಿಯಲ್ಲಿವೆ.

ತ್ಯಾಜ್ಯವೂ ನಮ್ಮದೇ, ಅಂತರ್ಜಲವೂ ನಮ್ಮದೇ

ಸಾವಯವ ಇಂಗಾಲದ ಪರೀಕ್ಷೆಯಲ್ಲಿ ಬಳಸುವ ಡೈಕ್ರೋಮೇಟ್ ಕ್ರೋಮಿಯಂನ ವಿಷಕಾರಿ, ಕ್ಯಾನ್ಸರ್‌ಕಾರಕ ರೂಪ. 1000 ಮಾದರಿಗಳಿಗೆ ಬಳಕೆಯಾಗುವ ಡೈಕ್ರೋಮೇಟ್‌ನಲ್ಲಿ ಸುಮಾರು 173 ಗ್ರಾಂ ಕ್ರೋಮಿಯಂ ಇರುತ್ತದೆ. ಭಾರತೀಯ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿ.ಗ್ರಾಂ. ಮೀರಿ ಕ್ರೋಮಿಯಂ ಇರಬಾರದು. ಅಂದರೆ ಈ 173 ಗ್ರಾಂ ಸುಮಾರು 34.6 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು. ಪರೀಕ್ಷೆ ಪೂರ್ಣಗೊಂಡಾಗ ಫೆರಸ್ ದ್ರಾವಣವು ಅದನ್ನು ಕಡಿಮೆ ಅಪಾಯದ ರೂಪಕ್ಕೆ ತರುತ್ತದೆ. ಆದರೆ ಅರ್ಧಕ್ಕೆ ಬಿಟ್ಟ ಫ್ಲಾಸ್ಕುಗಳು ಮತ್ತು ಉಳಿದ ಮೂಲ ದ್ರಾವಣ ಹಾಗಲ್ಲ. ಅವುಗಳಿಗೂ ಫೆರಸ್ ದ್ರಾವಣ ಸೇರಿಸಿ, ನಂತರ ಎಚ್ಚರದಿಂದ ಸುಣ್ಣ ಬೆರೆಸಿ ಕ್ರೋಮಿಯಂ ಕೆಸರಾಗಿ ತಳಕ್ಕಿಳಿಯುವಂತೆ ಮಾಡಿ, ಆ ಕೆಸರನ್ನು ಅಪಾಯಕಾರಿ ತ್ಯಾಜ್ಯವಾಗಿ ವಿಲೇವಾರಿ ಮಾಡಬೇಕು. ಕೊಳವೆಬಾವಿಯೇ ಕುಡಿಯುವ ನೀರಿನ ಆಸರೆಯಾದ ಊರಿನಲ್ಲಿ ಇದನ್ನು ಹಿತ್ತಲಿನ ಇಂಗುಗುಂಡಿಗೆ ಸುರಿಯುವುದು ಅಕ್ಷಮ್ಯ. ಆಮ್ಲದ ಖಾಲಿ ಕ್ಯಾನುಗಳನ್ನು ನೀರು ತುಂಬಲು ಮನೆಗೆ ಕೊಂಡೊಯ್ಯಬಾರದು.

ಹಳೆಯ ಉಪಕರಣಗಳ ವಿಲೇವಾರಿಯೂ ಅಷ್ಟೇ ಗಂಭೀರ. ದೆಹಲಿ ವಿಶ್ವವಿದ್ಯಾಲಯದಲ್ಲಿ 1985ರಿಂದ ಬಳಕೆಯಿಲ್ಲದೆ ಬಿದ್ದಿದ್ದ ಗಾಮಾ ವಿಕಿರಣ ಉಪಕರಣವೊಂದನ್ನು 2010ರಲ್ಲಿ ಗುಜರಿಯಾಗಿ ಹರಾಜು ಹಾಕಲಾಯಿತು. ಅದರೊಳಗಿದ್ದ ಕೋಬಾಲ್ಟ್-60 ಮಾಯಾಪುರಿಯ ಗುಜರಿ ಮಾರುಕಟ್ಟೆ ಸೇರಿ ಒಬ್ಬ ಕಾರ್ಮಿಕ ಪ್ರಾಣ ಕಳೆದುಕೊಂಡನು. ಮಣ್ಣಿನ ತೇವಾಂಶ ಅಳೆಯುವ ನ್ಯೂಟ್ರಾನ್ ಸಾಧನಗಳಲ್ಲಿಯೂ ವಿಕಿರಣ ಮೂಲವಿರುತ್ತದೆ. ಅಂತಹ ಯಾವುದೇ ಸಾಧನವನ್ನು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆಯೇ ವಿಲೇವಾರಿ ಮಾಡಬೇಕು.

ಆಗಬೇಕಾದುದೇನು?

ಮೊದಲನೆಯದಾಗಿ, ಪ್ರಯೋಗಾಲಯಗಳ ಸಾಧನೆಯನ್ನು ಮುದ್ರಿಸಿದ ಚೀಟಿಗಳ ಸಂಖ್ಯೆಯಿಂದ ಮಾತ್ರ ಅಳೆಯುವುದು ನಿಲ್ಲಬೇಕು. ಗುರಿಯ ಒತ್ತಡ ಹೆಚ್ಚಿದಾಗ ಮೊದಲು ಬಲಿಯಾಗುವುದು ಬಫರ್ ಪರೀಕ್ಷೆ ಮತ್ತು ಖಾಲಿ ಮಾದರಿ. ಎರಡನೆಯದಾಗಿ, ಉಪಕರಣಕ್ಕೆ ಅನುದಾನ ನೀಡುವಾಗಲೇ ವಾರ್ಷಿಕ ನಿರ್ವಹಣೆ, ಬಿಡಿಭಾಗ, ವೋಲ್ಟೇಜ್ ಸ್ಟೆಬಿಲೈಸರ್, ಅರ್ಥಿಂಗ್ ಮತ್ತು ಸುರಕ್ಷತಾ ಸಾಮಗ್ರಿಗಳಿಗೂ ಹಣ ಮೀಸಲಿಡಬೇಕು. ಮೂರನೆಯದಾಗಿ, ಅಂಶಗಳು ಮೊದಲೇ ತಿಳಿದಿರುವ ಒಂದು ತಾಳೆ ಮಣ್ಣನ್ನು ಪ್ರತಿ ತಂಡದ ಮಾದರಿಗಳೊಡನೆ ಪರೀಕ್ಷಿಸುವುದು ಕಡ್ಡಾಯವಾಗಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಶಿಸ್ತು ಸಾಕು. ನಾಲ್ಕನೆಯದಾಗಿ, ಗ್ರಾಮ ಪ್ರಯೋಗಾಲಯಗಳು ಆಯ್ದ ಕೆಲವು ಮಾದರಿಗಳನ್ನು ಜಿಲ್ಲಾ ಅಥವಾ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಕಳುಹಿಸಿ ಫಲಿತಾಂಶ ತಾಳೆ ನೋಡುವ ವ್ಯವಸ್ಥೆ ರೂಪುಗೊಳ್ಳಬೇಕು.

ಉಪಕರಣದ ಕೋಣೆಯನ್ನು ಆಮ್ಲದ ಕೋಣೆಯಿಂದ ಬೇರ್ಪಡಿಸುವುದು ಸಣ್ಣ ವಿಷಯವಲ್ಲ. ಆಮ್ಲದ ಆವಿ ವಿದ್ಯುತ್ ಮಂಡಲಗಳನ್ನು ತಿಂದುಹಾಕುತ್ತದೆ. ಕಡೂರಿನ ದೂಳು ತಕ್ಕಡಿಗೆ ಶತ್ರು, ತರೀಕೆರೆಯ ಮಳೆಗಾಲದ ತೇವ ಮಸೂರಗಳಿಗೆ ಶತ್ರು. ತಕ್ಕಡಿಯೊಳಗಿನ ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಹೀರಿದೆ ಎಂದರ್ಥ, ಒಣಗಿಸಿ ಮತ್ತೆ ಬಳಸಬೇಕು.

ರೈತರ ಪಾಲಿನ ಕರ್ತವ್ಯ ಮತ್ತು ಹಕ್ಕು

ಪ್ರಯೋಗಾಲಯ ಎಷ್ಟೇ ನಿಖರವಾಗಿದ್ದರೂ ಮಾದರಿ ಕೆಟ್ಟಿದ್ದರೆ ವರದಿ ಕೆಡುತ್ತದೆ. ಹಳೆಯ ಗೊಬ್ಬರದ ಚೀಲದಲ್ಲಿ ಮಣ್ಣು ತರಬೇಡಿ. ಸತುವಿನ ಲೇಪನವಿರುವ ಬಕೆಟ್ಟಿನಲ್ಲಿ ಮಣ್ಣು ಬೆರೆಸಿದರೆ ಸತುವಿನ ಅಂಕಿ ಸುಳ್ಳಾಗುತ್ತದೆ, ಪ್ಲಾಸ್ಟಿಕ್ ಬುಟ್ಟಿ ಬಳಸಿರಿ. ಗುದ್ದಲಿ ತಾಗಿದ ಮಣ್ಣನ್ನು ಮರದ ಚಕ್ಕೆಯಿಂದ ಕೆರೆದು ತೆಗೆದು ಒಳಗಿನ ಮಣ್ಣನ್ನು ಮಾತ್ರ ಸಂಗ್ರಹಿಸಿ, ನೆರಳಿನಲ್ಲಿ ಒಣಗಿಸಿ, ಸುಮಾರು ಅರ್ಧ ಕೆ.ಜಿ.ಯನ್ನು ಶುಭ್ರ ಬಟ್ಟೆಚೀಲದಲ್ಲಿ ಕಟ್ಟಿರಿ.

ಮಾದರಿ ಕೊಡುವಾಗ ಈ ಕೆಳಗಿನ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ:

1. ಪಿಎಚ್ ಮೀಟರನ್ನು ಇಂದು ಬಫರ್ ದ್ರಾವಣದಿಂದ ಸರಿಹೊಂದಿಸಲಾಗಿದೆಯೇ? ದಾಖಲೆ ಪುಸ್ತಕ ಇದೆಯೇ?
2. ನನ್ನ ಮಣ್ಣಿನ ರಂಜಕವನ್ನು ಯಾವ ವಿಧಾನದಿಂದ ಅಳೆಯುತ್ತೀರಿ?
3. ತಾಳೆ ಮಣ್ಣು ಮತ್ತು ಖಾಲಿ ಮಾದರಿಯನ್ನು ನಡೆಸುತ್ತೀರಾ?
4. ಬಾಟಲಿಗಳ ಮೇಲೆ ದ್ರಾವಣದ ಹೆಸರು, ತಯಾರಿಸಿದ ದಿನಾಂಕ ಇವೆಯೇ?
5. ರಾಸಾಯನಿಕ ತ್ಯಾಜ್ಯ ಎಲ್ಲಿಗೆ ಹೋಗುತ್ತದೆ?

ಉತ್ತರ ನೀಡಲು ಪ್ರಯೋಗಾಲಯದವರು ಬೇಸರಿಸಬೇಕಾಗಿಲ್ಲ. ಒಳ್ಳೆಯ ಪ್ರಯೋಗಾಲಯದಲ್ಲಿ ಈ ಉತ್ತರಗಳು ದಾಖಲೆ ಪುಸ್ತಕದಲ್ಲಿಯೇ ಇರುತ್ತವೆ. ಒಂದೇ ಹೊಲದ ಎರಡು ವರದಿಗಳಲ್ಲಿ ಭಾರಿ ವ್ಯತ್ಯಾಸ ಕಂಡರೆ, ಅಥವಾ ಬೆಳೆಯ ಲಕ್ಷಣಕ್ಕೂ ವರದಿಗೂ ಹೊಂದಿಕೆಯಾಗದಿದ್ದರೆ ಗೊಬ್ಬರ ಕೊಳ್ಳುವ ಮುನ್ನ ಮರುಪರೀಕ್ಷೆ ಮಾಡಿಸಿರಿ. ತರೀಕೆರೆ ತಾಲ್ಲೂಕಿನ ಬಾವಿಕೆರೆಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ, ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ ಹಾಗೂ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಈ ಬಗ್ಗೆ ಸಲಹೆ ಪಡೆಯಬಹುದು.

ವಿಸ್ತರಣಾ ಕಾರ್ಯಕರ್ತರು ಮುಂದಿನ ಮಾದರಿ ಸಂಗ್ರಹಣೆ ಆರಂಭವಾಗುವ ಮೊದಲೇ ತಮ್ಮ ವ್ಯಾಪ್ತಿಯ ಪ್ರತಿಯೊಂದು ಪ್ರಯೋಗಾಲಯಕ್ಕೂ ಒಮ್ಮೆ ಭೇಟಿ ನೀಡಿ ಎಲೆಕ್ಟ್ರೋಡ್, ಬಫರ್, ನೀರಿನ ನಲ್ಲಿ, ಕನ್ನಡಕ, ಅಗ್ನಿಶಾಮಕ ಮತ್ತು ತ್ಯಾಜ್ಯದ ಡಬ್ಬಿ ಈ ಆರನ್ನು ಕಣ್ಣಾರೆ ಕಂಡು ದಾಖಲಿಸುವುದು ಒಳಿತು.